ತಪ್ಪು ಡಿಸ್ಕಿನಿಂದ ಮಾಡಿದ ನಕಲು

೨೦೦೩ರಲ್ಲಿ ನಾನು ಕಂಪ್ಯೂಟರ್ ಕಂಪನಿಯೊಂದರ ಸರ್ವಿಸ್ ಇಂಜಿನಿಯರ್ ಆಗಿ ಅರಸೀಕೆರೆಯಲ್ಲಿದ್ದೆ. ಸುತ್ತಲಿನ ತಾಲ್ಲೂಕುಗಳಲ್ಲಿ ಎಲ್ಲಿ ಸರ್ವರ್ ಕೆಟ್ಟರೂ ನನಗೇ ಕರೆ ಬರುತ್ತಿತ್ತು. ನನ್ನ ಕೈಗೆ ಬಂದ ಯಂತ್ರ ಸರಿಹೋಗದೆ ಇರುವುದಿಲ್ಲ ಎಂಬ ಜಂಬ ಆಗ ಸಾಕಷ್ಟಿತ್ತು.

ಆಯುಧಪೂಜೆ ಕಳೆದ ನಾಲ್ಕನೆಯ ದಿನ, ಬೇಲೂರಿನ ಸಣ್ಣದೊಂದು ಕಣ್ಣಾಸ್ಪತ್ರೆಯಿಂದ ಫೋನ್ ಬಂತು. ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಏಳುತ್ತಿಲ್ಲ ಎಂದರು. ಅದರಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳಿದ್ದವು. ಬರೆದದ್ದೆಲ್ಲ ಏಕಕಾಲಕ್ಕೆ ಎರಡರಲ್ಲೂ ದಾಖಲಾಗುತ್ತದೆ, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಇದಕ್ಕೆ ಮಿರರಿಂಗ್ ಎನ್ನುತ್ತಾರೆ. ಎರಡರ ನಡುವೆ ಹೊಂದಾಣಿಕೆ ತಪ್ಪಿದರೆ ಒಂದನ್ನು ಮೂಲವೆಂದು ಆರಿಸಿ ಇನ್ನೊಂದಕ್ಕೆ ನಕಲು ಮಾಡಬೇಕು. ಯಾವುದು ಮೂಲ ಎಂಬುದನ್ನು ಯಂತ್ರ ತಾನಾಗಿ ಹೇಳುವುದಿಲ್ಲ, ಇಂಜಿನಿಯರ್ ಹೇಳಬೇಕು.

ಜಾವಗಲ್ ದಾರಿಯ ಬಸ್ಸಿನಲ್ಲಿ ಹೋಗಿ ತಲುಪುವಾಗ ಮಧ್ಯಾಹ್ನ ಎರಡೂವರೆ. ನಾಲ್ಕೂವರೆಗೆ ವಾಪಸು ಬಸ್ಸು. ಸರ್ವರ್ ಮೇಲೆ ಪೂಜೆಯ ಕುಂಕುಮ ಇನ್ನೂ ಇತ್ತು. ಮೇಲಿನ ಡಿಸ್ಕನ್ನೇ ಮೂಲವಾಗಿ ಆರಿಸುವುದು ನನ್ನ ರೂಢಿ. ಅಂದೂ ಅದನ್ನೇ ಆರಿಸಿದೆ.

ಪಕ್ಕದಲ್ಲಿ ನಿಂತಿದ್ದ ಆಪರೇಟರ್ ಸುಜಾತ ಗೆಂಡೆಹಳ್ಳಿಯವಳು, ಕಾಂಟ್ರಾಕ್ಟ್ ಮೇಲೆ ಸೇರಿ ವರ್ಷವಾಗಿತ್ತು. ಅವಳೆಂದಳು: "ಸಾರ್, ಅದ್ರಲ್ಲಿ ಹೋದ್ವಾರದ ಹುಲಿಕೆರೆ ಕಣ್ಣಿನ ಕ್ಯಾಂಪಿನ ಎಂಟ್ರಿ ಐತಾ ಅಂತ ಒಂದ್ಸಲ ನೋಡಿ."

"ಎರಡರಲ್ಲೂ ಒಂದೇ ಇರುತ್ತಮ್ಮ," ಎಂದು ಕೀ ಒತ್ತಿದೆ. ಒಂದೊಂದೇ ಡಿಸ್ಕ್ ಹಾಕಿ ಕೊನೆಯ ಎಂಟ್ರಿ ನೋಡಲು ಹತ್ತು ನಿಮಿಷ ಸಾಕಿತ್ತು.

ನಕಲು ಮುಗಿದು ಸರ್ವರ್ ಎದ್ದಿತು. ಆದರೆ ಈಚಿನ ದಾಖಲೆಗಳಿರಲಿಲ್ಲ; ಹುಲಿಕೆರೆ, ಬಸ್ತಿಹಳ್ಳಿ ಕ್ಯಾಂಪುಗಳವೂ ಇರಲಿಲ್ಲ. ಸೋಮವಾರದಿಂದ ಪೊರೆಯ ಆಪರೇಷನ್ ಆಗಬೇಕಿದ್ದ ಎಪ್ಪತ್ತೆಂಟು ಜನರ ಕಣ್ಣಿನ ಅಳತೆಗಳು ಅವು. ಅಳತೆಯ ಚೀಟಿಗಳನ್ನು ನಮೂದಾದೊಡನೆ ಹರಿದು ಹಾಕುವುದು ಅಲ್ಲಿನ ಪದ್ಧತಿಯಾಗಿತ್ತು.

ನಾನು ಯಂತ್ರ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದೆ. ಮೇಲಿನ ಡಿಸ್ಕ್ ಮೂರು ವಾರಗಳ ಹಿಂದೆಯೇ ಕೇಬಲ್ ಸಡಿಲಗೊಂಡು ಜೋಡಿಯಿಂದ ಕಳಚಿಕೊಂಡಿತ್ತು. ಹೊಸ ದಾಖಲೆಯೆಲ್ಲ ಇದ್ದದ್ದು ಕೆಳಗಿನದರಲ್ಲಿ. ಅದರ ಮೇಲೆ ನಾನು ಹಳೆಯದನ್ನು ಬರೆದಿದ್ದೆ. ಲಾಗ್ ಮುಚ್ಚಿದೆ.

ಆಸ್ಪತ್ರೆಯ ವ್ಯವಸ್ಥಾಪಕರು ಬಂದು ಕುಂಕುಮ ನೋಡಿದರು. "ಇದನ್ನ ಯಾರ್ರೀ ಮುಟ್ಟಿದ್ದು?"

ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. "ಪೂಜೆಗೆ ಒರೆಸುವಾಗ ಡಿಸ್ಕ್ ಅಲುಗಾಡಿರಬಹುದು ಸಾರ್," ಎಂದುಬಿಟ್ಟೆ.

"ನಮ್ದು ಬೌದ್ಧರ ಮನೆ ಸಾರ್, ನಾವು ಆಯುಧಪೂಜೆ ಮಾಡಲ್ಲ," ಎಂದಳು ಸುಜಾತ. "ಅವತ್ತು ರಜೆ ಹಾಕಿದ್ದೆ. ಸರ್ವರ್ ರೂಮಿನ ಕೀ ಆಫೀಸಲ್ಲೇ ಕೊಟ್ಟಿದ್ದೆ."

"ಕೀ ನಿನ್ನ ಜವಾಬ್ದಾರಿ ತಾನೆ?" ಎಂದರು ಅವರು.

ಅವಳು ನನ್ನ ಕಡೆ ನೋಡಿದಳು. ನಾನು ಬ್ಯಾಗಿಗೆ ಸ್ಕ್ರೂಡ್ರೈವರ್ ತುಂಬುತ್ತಿದ್ದೆ. ರಿಪೋರ್ಟಿನಲ್ಲಿ 'ಅನಧಿಕೃತ ಸ್ಪರ್ಶದ ಸಾಧ್ಯತೆ' ಎಂದು ಬರೆದು ಸಹಿ ಹಾಕಿ, ನಾಲ್ಕೂವರೆಯ ಬಸ್ಸು ಹಿಡಿದೆ.

ಸೋಮವಾರ ಊರುಗಳಿಂದ ಬಂದವರನ್ನು ಗೇಟಿನಲ್ಲಿ ನಿಂತು ವಾಪಸು ಕಳಿಸುವ ಕೆಲಸವನ್ನು ಅವಳಿಗೇ ಹಚ್ಚಿದರಂತೆ. "ಅವತ್ತೇ ನೋಡಿದ್ರಲ್ಲವ್ವಾ ಕಣ್ಣ, ಇನ್ನೇನು ನೋಡೋದು?" ಎಂದು ಹುಲಿಕೆರೆಯ ಅಜ್ಜಿಯೊಬ್ಬಳು ಜಗಳಕ್ಕೇ ನಿಂತಳಂತೆ. ಮತ್ತೆ ಅಳತೆಯಾಗಿ ಎಲ್ಲರಿಗೂ ಆಪರೇಷನ್ ಆಗುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಸುಜಾತಳ ಕಾಂಟ್ರಾಕ್ಟನ್ನು ಮುಂದುವರಿಸಲಿಲ್ಲ.

ಐದು ವರ್ಷದ ಮೇಲೆ ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಅವಳೇ ಗುರುತು ಹಿಡಿದು ಮಾತನಾಡಿಸಿದಳು. ಟೀಚರ್ ಆಗಿದ್ದಳು. ಅವತ್ತು ಕ್ಯಾಂಪಿನ ಎಂಟ್ರಿ ನೋಡಲು ಹೇಳಿದ್ದನ್ನು ವ್ಯವಸ್ಥಾಪಕರ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಮುಖವಾದರೂ ಎಲ್ಲಿತ್ತು ನನಗೆ?

"ನಾನು ಹೇಳಿದ್ರೆ ಯಾರು ನಂಬ್ತಿದ್ರು ಸಾರ್?" ಎಂದಳು, ಸಿಟ್ಟಿಲ್ಲದೆ. "ಅದು ನೀವು ಹೇಳ್ಬೇಕಾಗಿದ್ದ ಮಾತು."

ನಿವೃತ್ತನಾಗುವವರೆಗೂ ಹೊಸ ಇಂಜಿನಿಯರ್‌ಗಳಿಗೆ ಪಾಠ ಮಾಡಿದೆ: ನಕಲು ಮಾಡುವ ಮೊದಲು ಎರಡು ಡಿಸ್ಕ್‌ಗಳ ಕೊನೆಯ ಎಂಟ್ರಿ ನೋಡಿ, ದಿನವೂ ಅದರ ಮುಂದೆ ಕೂರುವವರನ್ನು ಕೇಳಿ. ಈ ಪ್ರಕರಣವನ್ನೂ ಹೇಳುತ್ತಿದ್ದೆ, 'ಒಬ್ಬ ಇಂಜಿನಿಯರ್ ಹೀಗೆ ಮಾಡಿದ್ದ' ಎಂದು. ಆ ಒಬ್ಬ ನಾನು. ಅವಳದೇನೂ ತಪ್ಪಿರಲಿಲ್ಲ.