ಮೊಲದ ಮರಿಗೆ ಜಾಗ

ನನ್ನ ಗಂಟಲಲ್ಲಿ ಇರುವುದು ಎರಡೇ ಸ್ವರ. ಒಂದು ಕೂಗುವುದು, ಇನ್ನೊಂದು ಇನ್ನೂ ಜೋರಾಗಿ ಕೂಗುವುದು. ಇದು ನನ್ನೊಬ್ಬನ ದೋಷವಲ್ಲ, ದೊಡ್ಡಬಳ್ಳಾಪುರದ ನಮ್ಮ ಬೀದಿಯವರೆಲ್ಲ ಹೀಗೇ. ಎರಡೂ ಪಕ್ಕದಲ್ಲಿ ಪವರ್‌ಲೂಮುಗಳು ಲಟಲಟ ಎನ್ನುತ್ತಿರುವಾಗ ಮೆಲ್ಲಗೆ ಮಾತಾಡಿದರೆ ಕೇಳುವವರಾರು? ಹೆಣ್ಣು ನೋಡಲು ಹೋದಾಗ ನಾನು ತುಂಬ ನಯವಾಗಿಯೇ "ಹೆಸರೇನು" ಎಂದಿದ್ದೆ. ಹುಡುಗಿ ಬೆಚ್ಚಿ ಕಾಫಿ ಚೆಲ್ಲಿದಳು. ನಮ್ಮ ಮನೆಗೆ ಬಂದ ಮೂರು ತಿಂಗಳಿಗೆ ಆಕೆಯೂ ಅದೇ ಶ್ರುತಿಗೆ ಬಂದಳು ಅನ್ನಿ.

ಇಂಥವನ ಪಾಲಿಗೆ ಮೊಮ್ಮಗಳನ್ನು ಕಥೆ ಹೇಳಿ ಮಲಗಿಸುವ ಕೆಲಸ ಬಂತು. ಮಗಳು ಗೀತಾ ಎರಡನೇ ಹೆರಿಗೆಗೆಂದು ದೇವನಹಳ್ಳಿಯಿಂದ ಬಂದಿದ್ದಳು. ಗಂಡು ಕೂಸು ಹುಟ್ಟಿ ಹದಿನೈದು ದಿನವಾಗಿತ್ತು. ಐದು ವರ್ಷದ ದೊಡ್ಡವಳು ಧೃತಿ ಅಲ್ಲಿಯವರೆಗೆ ಅಮ್ಮನ ಕಿವಿಯ ಹಾಲೆ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದವಳು. ಈಗ ಅಮ್ಮನ ಪಕ್ಕದಲ್ಲಿ ತಮ್ಮ. ಕಿವಿಯನ್ನಾದರೂ ಹಿಡಿಯೋಣವೆಂದರೆ, ಬಾಣಂತಿಗೆ ಗಾಳಿ ಸೋಕಬಾರದೆಂದು ನನ್ನಾಕೆ ಅದರ ಮೇಲೆ ಬಟ್ಟೆ ಬಿಗಿದುಬಿಟ್ಟಿದ್ದಳು. ಹಾಗಾಗಿ ಮಗು ನಡುಮನೆಯಲ್ಲಿ ನನ್ನ ಹಾಸಿಗೆಗೆ ಬಂತು. ಮೊದಲ ದಿನ ನನ್ನ ಕಿವಿ ಹಿಡಿದು ನೋಡಿದಳು. ಕೂದಲು ಚುಚ್ಚುತ್ತದೆಂದು ಬಿಟ್ಟಳು. ಅಳಲಿಲ್ಲ. ಸೂರು ನೋಡುತ್ತ ಸುಮ್ಮನೆ ಮಲಗಿದ್ದಳು, ಅದೇ ನನಗೆ ಸಂಕಟವಾದದ್ದು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಕಥೆ ಶುರು ಮಾಡಿದೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅವಳ ತುಟಿ ನಡುಗಿತು.

"ತಾತ, ನಾನೇನ್ ಮಾಡ್ದೆ? ಯಾಕ್ ಬೈತಿದೀಯ?"

ಅಂದಿನಿಂದ ನನಗೊಂದು ಯೋಚನೆ ಹತ್ತಿತು. ಮಕ್ಕಳ ಹಾಸಿಗೆಯ ಪಕ್ಕದಲ್ಲಿ ಕೂತು ಕಥೆ ಹೇಳಲು ಯೋಗ್ಯರು ಯಾರು? ಜ್ಞಾನಿಗಳಾಗಿರಬೇಕು, ಮೃದುವಾಗಿಯೂ ಇರಬೇಕು. ಮಗ್ಗದ ಮುಂದೆ ನಿಂತು ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ನನ್ನ ಹಾಸಿಗೆಯ ಪಕ್ಕಕ್ಕೆ ಕರೆತಂದು ಕೂರಿಸಿ ನೋಡಿದೆ. ನಮ್ಮ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರು ಒಂದು ದಿನವೂ ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಆದರೆ ಕಥೆ ಮುಗಿದ ಕೂಡಲೆ "ಇದರಿಂದ ನಾವು ಕಲಿಯುವ ನೀತಿಯೇನು?" ಎಂದು ಕೇಳದೆ ಅವರು ಏಳುವುದಿಲ್ಲ. ನಿದ್ದೆಗಣ್ಣಿನ ಮಗು ಎದ್ದು ಕೈ ಕಟ್ಟಿ ಕೂರಬೇಕಾಗುತ್ತದೆ. ಹರಿಕಥೆ ದಾಸರು ಬೆಣ್ಣೆಯಂಥ ಮನುಷ್ಯರು. ಆದರೆ ಅವರ ರಾಜ ಅರಮನೆಯ ಬಾಗಿಲು ದಾಟಬೇಕಾದರೆ ಬಾಗಿಲ ವರ್ಣನೆಗೇ ಒಂದು ವಾರ ಬೇಕು.

ಇನ್ನು ಪುರಾಣದ ಋಷಿಗಳು. ಕಾಡಿನಲ್ಲಿ ಕೂತು ವರ್ಷಗಟ್ಟಲೆ ಕಥೆ ಹೇಳಿದ ಮಹಾನುಭಾವರು. ಕೇಳುವವರು ಪ್ರತಿ ಅಧ್ಯಾಯದ ಕೊನೆಗೂ "ಆಮೇಲೇನಾಯಿತು ಸ್ವಾಮಿ" ಎನ್ನುತ್ತಾರೆಯೇ ಹೊರತು, ಒಬ್ಬನಾದರೂ ಗೊರಕೆ ಹೊಡೆದನೆಂದು ಎಲ್ಲೂ ಬರೆದಿಲ್ಲ. ಹೊಡೆದೇ ಇರುತ್ತಾನೆ, ಮರ್ಯಾದೆಗೆ ಅಂಜಿ ಮುಚ್ಚಿಟ್ಟಿರಬೇಕು. ಬೇರೆಲ್ಲ ಸಭೆಗಳಲ್ಲಿ ಕೇಳುವವನು ತೂಕಡಿಸಿದರೆ ಅವಮಾನ, ಈ ಒಂದು ಸಭೆಯಲ್ಲಿ ಮಾತ್ರ ಅದೇ ಶಾಲು ಹಾರ. ತಾನು ಕಾದಿಟ್ಟುಕೊಂಡ ಒಳ್ಳೆಯ ಮಾತು ಯಾರಿಗೂ ಕೇಳಿಸದೆ ಹೋದರೂ ಸಂತೋಷಪಡುವ ಜ್ಞಾನಿ ಬೇಕು. ಅಂಥವರು ಋಷಿಗಳಲ್ಲಿಯೂ ಕಡಿಮೆಯೇ.

ಕೊನೆಗೆ ನನಗೆ ನೆನಪಾದವಳು ನಂಜಮ್ಮ. ಈಗಿಲ್ಲ. ಮಗ್ಗದ ಉದ್ದೆಳೆಯ ಹಾಸು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆ ಸೇರಿಸಿ ಹೊಸೆಯಲು ಬರುತ್ತಿದ್ದಳು. ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ದಿನವಿಡೀ ಒಂದೊಂದೇ ಎಳೆ, ಸಾವಿರಾರು ಎಳೆ. ಒಂದಾದರೂ ತಪ್ಪಿತೆಂದು ಸಿಡುಕಿದವಳಲ್ಲ. ಇಡೀ ಬೀದಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅವಳು ಬಾಯಿ ತೆರೆದರೆ ನಾವೇ ಬಗ್ಗಿ ಕಿವಿ ಕೊಡುತ್ತಿದ್ದೆವು.

ಸರಿ, ನಾಲ್ಕನೆಯ ದಿನ ನಾನು ನಂಜಮ್ಮನಾದೆ. ದನಿ ತಗ್ಗಿಸಿ ಮೊಲದ ಮರಿಯ ಕಥೆ ಶುರು ಮಾಡಿದೆ.

"ತಾತ, ಏನೂ ಕೇಳಿಸ್ತಿಲ್ಲ. ಬರೀ ಗಾಳಿ ಬರ್ತಿದೆ" ಎಂದಳು ಧೃತಿ.

ಆಗಿನ್ನೂ ಎಂಟೂವರೆ, ಅಕ್ಕಪಕ್ಕದ ಮಗ್ಗಗಳು ಓಡುತ್ತಿದ್ದವು. ನಾನು ನಂಜಮ್ಮನನ್ನು ಅಲ್ಲಿಯೇ ಬಿಟ್ಟು, ಅಕ್ಕಪಕ್ಕದ ಮನೆಗೂ ಕೇಳುವ ನನ್ನ ಹುಟ್ಟುಗಂಟಲಿಗೆ ಮರಳಿದೆ. ಮೊಲದ ಮರಿ ಆಟ ಮುಗಿಸಿ ಮನೆಗೆ ಬಂತು. ನೋಡಿದರೆ ಬಿಲದ ತುಂಬ ಯಾರೋ ಮಲಗಿದ್ದಾರೆ. ಅದು ಬಾಗಿಲಲ್ಲಿ ನಿಂತು ಕೇಳಿತು... ಸರಿಯಾಗಿ ಆ ಕ್ಷಣಕ್ಕೆ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಗಂಟಲಿಗೆ ಅದು ತಿಳಿಯಬೇಕಲ್ಲ.

"ಒಳಗಡೆ ನಂಗೆ ಜಾಗ ಇದ್ಯಾ?"

ನಮ್ಮ ಬೀದಿ ಅಷ್ಟು ನಿಶ್ಶಬ್ದವಾಗಿ ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು. ಕತ್ತಲಲ್ಲಿ ಎದುರುಮನೆಯ ಮುನಿರಾಜು ಕೂಗಿದ: "ನಮ್ಮನೇಲಿ ಜಾಗ ಐತೆ, ಬಾರಣ್ಣೋ. ಅಕ್ಕ ಆಚೆಗ್ ಹಾಕುದ್ರಾ?" ಬೀದಿಯೆಲ್ಲ ನಕ್ಕಿತು. ಒಳಗೆ ಕೂಸು ಎದ್ದು ಅತ್ತಿತು, ನನ್ನಾಕೆ ನನಗೆ ಮಂಗಳಾರತಿ ಎತ್ತಿದಳು. ಆದರೆ ಧೃತಿ ನಗುತ್ತಿದ್ದಳು, ನಾಲ್ಕು ದಿನದಲ್ಲಿ ಮೊದಲ ಸಲ. ನಕ್ಕೂ ನಕ್ಕೂ ಸುಸ್ತಾಗಿ ಹಾಗೇ ನಿದ್ದೆ ಹೋದಳು. ಕಥೆ ಬಿಲದ ಬಾಗಿಲಲ್ಲೇ ನಿಂತಿತು.

ಬೆಳಿಗ್ಗೆ ಹೊರಬಾಗಿಲ ಮೆಟ್ಟಿಲಲ್ಲಿ ಕೂತಿದ್ದ ಮಗುವನ್ನು ಹಾಲು ತರಲು ಹೋಗುತ್ತಿದ್ದ ಪಕ್ಕದ ಮನೆಯ ಲಕ್ಷ್ಮಮ್ಮ ನಿಂತು ಕೇಳಿದಳು: "ಏನವ್ವಾ, ಆ ಮೊಲುದ್ ಮರಿ ಏನಾಯ್ತು? ರಾತ್ರಿಯೆಲ್ಲ ಅದೇ ಯೋಚ್ನೆ ಕಣಮ್ಮ." ಮುನಿರಾಜುವೂ ಹಲ್ಲುಜ್ಜುತ್ತ ಬಂದು ನಿಂತ. ನಾನು ಬಾಗಿಲ ಹಿಂದೆ ಸರಿದೆ, ಏಕೆಂದರೆ ಕೊನೆ ನನಗೂ ಗೊತ್ತಿರಲಿಲ್ಲ. ಧೃತಿ ಎದ್ದು ನಿಂತಳು. ಬೀದಿಗೆ ಗೊತ್ತಿಲ್ಲದ್ದು ತನಗೊಬ್ಬಳಿಗೇ ಗೊತ್ತು ಎಂಬ ಠೀವಿಯಲ್ಲಿ ಲಂಗ ಸರಿಮಾಡಿಕೊಂಡಳು.

"ಜಾಗ ಇತ್ತು" ಎಂದಳು. "ಅಮ್ಮ ಮೊಲಕ್ಕೆ ಎರಡು ಕಡೆ ಇತ್ತು. ಚಿಕ್ಕದು ಒಂದೇ ಕಡೆ ಮಲ್ಗಿತ್ತು. ಇನ್ನೊಂದು ಕಡೆ ಖಾಲಿನೇ ಇತ್ತು. ಯಾರೂ ನೋಡಿರ್ಲಿಲ್ಲ."

ಒಳಕೋಣೆಯ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಗೀತಾಳನ್ನು ನೋಡಿದೆ. ಎರಡೂ ಕಿವಿಗೆ ಬಟ್ಟೆ ಬಿಗಿದಿದ್ದರೂ ಅವಳಿಗೆ ಎಲ್ಲ ಕೇಳಿಸಿತ್ತು. ಸದ್ಯ, ಮೊಮ್ಮಗಳಿಗೆ ನನ್ನ ಗಂಟಲೇ ಬಂದಿದೆ. ಆ ಗಂಟಲಿನ ಬಗ್ಗೆ ನನಗೆ ಹೆಮ್ಮೆಯಾದದ್ದು ಅದೊಂದೇ ದಿನ.

ಆ ರಾತ್ರಿ ಗೀತಾ ಮಗಳನ್ನು ಒಳಗೆ ಕರೆದಳು. ಒಂದು ಪಕ್ಕ ಕೂಸು, ಇನ್ನೊಂದು ಪಕ್ಕ ಧೃತಿ. ಶೀತವಾಗುತ್ತದೆಂದು ನನ್ನಾಕೆ ಎಷ್ಟು ಗೊಣಗಿದರೂ ಕೇಳದೆ, ಆ ಕಡೆಯ ಕಿವಿಯೊಂದನ್ನು ಬಟ್ಟೆಯಿಂದ ಹೊರಗೆ ತೆಗೆದುಕೊಟ್ಟಳು. ಎರಡು ನಿಮಿಷದಲ್ಲಿ ಮಗು ನಿದ್ದೆ ಹೋಯಿತಂತೆ, ಯಾವ ಕಥೆಯೂ ಬೇಕಾಗಲಿಲ್ಲವಂತೆ.

ನಡುಮನೆಯ ಹಾಸಿಗೆಯಲ್ಲಿ ನಾನೊಬ್ಬನೇ ಸೂರು ನೋಡುತ್ತ ಮಲಗಿದೆ. ಅಂದು ಮಗ್ಗದ ಮುಂದೆ ನಿಂತು ಆನೆಮರಿಯದೊಂದು ಹೊಸ ಕಥೆ ಕಟ್ಟಿದ್ದೆ, ಕೊನೆಯ ಸಮೇತ. ಸ್ವಲ್ಪ ಹೊತ್ತು ಬೇಜಾರಾಯಿತು. ಆಮೇಲೆ, ಯಾರೂ ಕೇಳುವವರಿಲ್ಲದಿದ್ದರಿಂದ, ಅದನ್ನು ನನಗೇ ಹೇಳಿಕೊಂಡೆ, ನಂಜಮ್ಮನ ಹಾಗೆ ಮೆಲ್ಲಗೆ. ಆನೆಮರಿ ಕೆರೆ ದಾಟುವ ಮೊದಲೇ ನಿದ್ದೆ ಬಂತು.