ಬಾ ಇಲ್ಲದ ಬೀಳ್ಕೊಡುಗೆ

ಕಡೆಯ ಒಂದು ವರ್ಷ ಮಿಲ್ಟ್ರಿ ಕಾಕಾ ಅವರ ಗಂಟಲಿನಲ್ಲಿ ಒಂದು ತೂತಿತ್ತು. ಉಸಿರಾಡುತ್ತಿದ್ದದ್ದು ಅದರಿಂದಲೇ. ಕಾಕು ತಮ್ಮ ಗಂಡನ ಹಳೆಯ ಧೋತರವನ್ನು ಸಣ್ಣ ಸಣ್ಣ ತುಂಡು ಮಾಡಿ, ಕುದಿಸಿ ಒಣಗಿಸಿ, ದಿನಾ ಒಂದನ್ನು ಆ ತೂತಿನ ಮೇಲೆ ಕಟ್ಟುತ್ತಿದ್ದರು. ಉಸಿರು ಬಿಟ್ಟಾಗಲೆಲ್ಲ ಬಟ್ಟೆ ಉಬ್ಬುತ್ತಿತ್ತು, ಮತ್ತೆ ಒಳಗೆ ಸೇದಿಕೊಳ್ಳುತ್ತಿತ್ತು. ನೋಡಲು ಬಂದವರು ಅವರ ಮುಖ ಬಿಟ್ಟು ಆ ಬಟ್ಟೆಯನ್ನೇ ನೋಡುತ್ತ ಕೂಡುತ್ತಿದ್ದರು. ಅಂಥವರನ್ನು ಎಬ್ಬಿಸಿ ಕಳಿಸಿಬಿಡಬೇಕು ಅನ್ನುವಷ್ಟು ಸಿಟ್ಟು ಬರುತ್ತಿತ್ತು ನನಗೆ.

ಆ ಗಂಟಲು ಸುಮ್ಮನಿದ್ದ ಗಂಟಲಲ್ಲ. ಎಂಬತ್ತರ ದಶಕದಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಕಾಗವಾಡಕ್ಕೆ ಬಂದ ನಾನು ಅವರ ಎದುರು ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ಬೆಳಗಾದರೆ ಸಾಕು, ಕಾಕಾ ತಮ್ಮ ಎಮ್ಮೆಯನ್ನು "ಹಿನ್ನಿ" ಎಂದು ಮುದ್ದು ಮಾಡುವುದು, ಕರುವನ್ನು "ಏ ಬೇರ್ನ್, ಬಾ ಇಲ್ಲೆ" ಎಂದು ಕರೆಯುವುದು ಕೇಳುತ್ತಿತ್ತು. ಝುಣಕ ಬಾಯಿಗೆ ಹತ್ತಿದರೆ "ಕ್ಯಾನಿ ಐತಿ" ಅನ್ನುತ್ತಿದ್ದರು, ಚಲೋ ಐತಿ ಎಂದು. ಏನು ಸುದ್ದಿ ಎಂದು ಕೇಳಿದರೆ "ನೌಟ್". ಏನೂ ಇಲ್ಲ ಎಂದರ್ಥ. ಓಣಿಯ ಹೆಂಗಸರೂ ಅದನ್ನೇ ಕಲಿತು, "ಇವತ್ತಿನ ಆಮಟಿ ಭಾಳ ಕ್ಯಾನಿ ಆಗೇತ್ರಿ" ಎಂದು ಬಟ್ಟಲಲ್ಲಿ ತಂದುಕೊಡುತ್ತಿದ್ದರು. ನನ್ನ ಡಿಕ್ಷನರಿಯಲ್ಲಿ ಆ ಮಾತುಗಳು ಸಿಗಲಿಲ್ಲ.

"ಇದ್ಯಾವ ಇಂಗ್ಲಿಷ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಅವರ ಹಳ್ಳ್ಯಾಗಿಂದು, ಟೀಚರಬಾಯಿ. ಅವರಿಗೇನ ಹಳ್ಳಿ ಇಲ್ಲ ಅಂತ ತಿಳದೀ ಏನ?" ಎಂದು ಬೀಡಿ ಹೊತ್ತಿಸಿದರು.

ಹರೆಯದಲ್ಲಿ ಪಲ್ಟನ್ ಸೇರಿದ್ದ ಕಾಕಾ ಎರಡನೆಯ ದೊಡ್ಡ ಲಡಾಯಿಯಲ್ಲಿ ಇಟಲಿಗೆ ಹೋಗಿದ್ದರು. ಬಂದೂಕು ಹಿಡಿದವರಲ್ಲ. ದಂಡಿನ ದವಾಖಾನೆಯಲ್ಲಿ ಗಾಯಾಳುಗಳ ಮೈ ಒರೆಸುವುದು, ಹೇಲು ಉಚ್ಚೆ ಬಳಿಯುವುದು, ಸತ್ತವರ ಬೂಟು ಬಿಚ್ಚುವುದು ಅವರ ಪಾಲಿನ ಕೆಲಸ. ಗೋರಾ ಸೋಲ್ಜರುಗಳು ಬೇನೆ ಹೆಚ್ಚಾದಾಗ ಆಫೀಸರರ ಇಂಗ್ಲಿಷ್ ಬಿಟ್ಟು ತಮ್ಮ ತಮ್ಮ ಊರಿನ ಮಾತಿಗೆ ಇಳಿಯುತ್ತಿದ್ದರಂತೆ. ಕಾಕಾ ಕಲಿತದ್ದು ಆ ಹಾಸಿಗೆಗಳ ಬದಿಯಲ್ಲಿ. ಬೇರ್ನ್ ಅಂದರೆ ಕೂಸು ಎಂದು ಕಲಿಸಿದವನಿಗೆ ಕಾಲುಗಳಿರಲಿಲ್ಲ. ನೌಟ್ ಅನ್ನುತ್ತಿದ್ದವನ ಎರಡೂ ಕಣ್ಣು ಹೋಗಿದ್ದವು. ಇದನ್ನೆಲ್ಲ ಕಾಕಾ ಎಮ್ಮೆಯ ಮೈ ತೊಳೆಯುತ್ತಲೇ ಹೇಳಿಬಿಡುತ್ತಿದ್ದರು.

ಆಮೇಲೆ ಅವರ ದನಿ ಒಡೆಯಿತು. ಕೆಮ್ಮಿದರೆ ರಕ್ತ. ಮಿರಜದ ಡಾಕ್ಟರರು ನೋಡಿ, ಕ್ಯಾನ್ಸರ್ ಎಂದರು. ಜೀವ ಸ್ವಲ್ಪ ದಿನ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನು ತೆಗೆಯಬೇಕು ಎಂದೂ ಹೇಳಿದರು.

ಮಿರಜಕ್ಕೆ ಹೊರಡುವ ಹಿಂದಿನ ದಿನ ಕಾಕಾ ನನ್ನನ್ನು ಕಟ್ಟೆಗೆ ಕರೆದರು. ದನಿ ಗರಗರ ಅನ್ನುತ್ತಿತ್ತು.

"ಒಂದ ಮಾತು ಯಾರ ಮುಂದೂ ಆಡಿಲ್ಲ. ನಿನಗ ಕೊಟ್ಟ ಹೋಗ್ತೇನಿ."

ಅದು ಕಲ್ಲಿದ್ದಲ ಗಣಿಯ ಊರಿನಿಂದ ಬಂದ ಹುಡುಗನೊಬ್ಬನ ಮಾತು. ಅವನ ಹೊಟ್ಟೆ ಹರಿದಿತ್ತು, ಉಳಿಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಊರಲ್ಲಿದ್ದಾಗ ದಿನಾ ಬೆಳಿಗ್ಗೆ ಅವನು ಗಣಿಗೆ ಇಳಿಯಲು ಹೊರಟರೆ ತಾಯಿ ಬಾಗಿಲಲ್ಲಿ ನಿಂತು "ಗ್ಯಾನ್ ಕ್ಯಾನಿ" ಅನ್ನುತ್ತಿದ್ದಳಂತೆ. ಸಾವಕಾಶ ಹೋಗು. ಅಷ್ಟೇ. ನನ್ನ ಹೊತ್ತು ಬಂದಾಗ ಅದೊಂದನ್ನು ನೀನು ಹೇಳು ಎಂದು ಅವನು ಕಾಕಾ ಅವರ ಕೈ ಹಿಡಿದು ಕೇಳಿಕೊಂಡಿದ್ದ, ಮಾತನ್ನು ಬಾಯಿಪಾಠವೂ ಮಾಡಿಸಿದ್ದ.

"ಹೊತ್ತು ಬಂತು. ನನ್ನ ನಾಲಿಗಿ ಏಳ್ಲಿಲ್ಲ ಬಾಯಿ. ಸಾಯಾಕತ್ತ ಹುಡುಗಗ ಹೋಗು ಅಂತ ಹೆಂಗ ಅನ್ನೂದು? ನಾವು ಸಂತಿಗೆ ಹೊಂಟಾವಗೂ ಬರೇ ಹೋಗು ಅನ್ನೂದಿಲ್ಲ. ಹೋಗಿ ಬಾ ಅಂತೇವಿ. ನಾನೂ ಹಂಗ ಅಂದೆ, ನಮ್ಮ ಕನ್ನಡದಾಗ. ಹೋಗಿ ಬಾ ತಮ್ಮಾ, ಹೋಗಿ ಬಾ, ಅಂತ ತಲಿ ಸವರಿದೆ. ಅವಗೇನ ತಿಳೀಬೇಕು? ಈಗ ಅಂತಾನ, ಈಗ ಅಂತಾನ ಅಂತ ನನ್ನ ಬಾಯಿ ನೋಡ್ಕೋತ ಇದ್ದ. ನೋಡ್ಕೋತನ ಹ್ವಾದ."

ಕಾಕಾ ಬಹಳ ಹೊತ್ತು ಕೆಮ್ಮಿದರು. "ನನ್ನ ಹೊತ್ತಿಗೆ ನೀ ಅದನ್ನ ಹೇಳ್ಬೇಕ. ಆ ಮಾತು ಒಮ್ಮೆರ ಅದರ ಜಾಗಾದಾಗ ಬೀಳ್ಲಿ. ಬಾ ಅಂತ ಸೇರಸಬ್ಯಾಡ."

"ಹಂಗ ಯಾಕ ಅಂತೀರಿ ಕಾಕಾ? ಆಪರೇಶನ್ ಆದ ಮ್ಯಾಲೆ ಆರಾಮ ಆಗ್ತೀರಿ."

"ನೌಟ್," ಎಂದರು. ಆಮೇಲೆ ನನ್ನ ಕೈಲಿ ಆ ಮಾತನ್ನು ಹೇಳಿಸಿದರು. "ಗೋ ಅಲ್ಲ, ಗ್ಯಾನ್. ನಿನ್ನ ಸಾಲಿ ಇಂಗ್ಲಿಷ್ ಬಾಜೂಕ ಇಡು." ಉಚ್ಚಾರ ಕೂಡಿಬಂದಾಗ "ಈಗ ಕ್ಯಾನಿ ಆತ ನೋಡು" ಎಂದರು. ಅವರ ದನಿಯಲ್ಲಿ ನಾನು ಕೇಳಿದ ಕಡೆಯ ಮಾತು ಅದು.

ದನಿ ಹೋದ ಮೇಲೆ ಮನೆ ಬಿಕೋ ಅನ್ನತೊಡಗಿತು. ಕರುವನ್ನು ಕರೆಯುವವರಿಲ್ಲ. ಕೆಲವು ದಿನ ಬಿಟ್ಟು ಕಾಕುವೇ ನಾಚುತ್ತ ನಾಚುತ್ತ "ಬೇರ್ನ್" ಎಂದು ಕರೆದರು. ಸಂಜೆ ಸಾಲೆ ಬಿಟ್ಟ ಮೇಲೆ ನಾನು ಹೋಗಿ ಆ ಮಾತುಗಳನ್ನೆಲ್ಲ ಕಾಕಾ ಅವರ ಮುಂದೆ ಆಡುತ್ತಿದ್ದೆ. ತಪ್ಪಿದರೆ ಕಾಕಾ ಬೆರಳಿನಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದರು. ಗ್ಯಾನ್ ಕ್ಯಾನಿ ಮಾತ್ರ ನಾನು ಆಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ.

ದ್ರಾಕ್ಷಿ ಕೊಯ್ಲಿನ ಒಂದು ಮಧ್ಯಾಹ್ನ ಅವರ ಮಗ ನನ್ನನ್ನು ಕರೆಯಲು ಸಾಲೆಗೇ ಬಂದ. ಹೋಗಿ ನೋಡಿದರೆ ಬಟ್ಟೆ ಎಲ್ಲೋ ಒಮ್ಮೆ ಉಬ್ಬುತ್ತಿತ್ತು. ಕಾಕು ಚಮಚದಲ್ಲಿ ನೀರು ಹಾಕುತ್ತ, "ಎದ್ದ ಕುಂಡ್ರತೀರಿ, ಏನೂ ಆಗೂದಿಲ್ಲ" ಎಂದು ಒಂದೇ ಸವನೆ ಹೇಳುತ್ತಿದ್ದರು. ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೂ ನಾಲಿಗೆ ಏಳಲಿಲ್ಲ. ನಾನೂ ಈ ಕಡೆಯವಳೇ, ಹೊಸ್ತಿಲು ದಾಟುವವರಿಗೆ ಬಾ ಎನ್ನದೆ ಕಳಿಸಿದವಳಲ್ಲ. ಆದರೆ ಆ ಕಣ್ಣುಗಳು ಬಿಡಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ಗ್ಯಾನ್ ಕ್ಯಾನಿ, ಕಾಕಾ" ಎಂದೆ. ಬಾ ಸೇರಿಸಲಿಲ್ಲ.

ಅವರ ನೋಟ ನನ್ನ ಬಾಯಿಯನ್ನು ಬಿಟ್ಟು ಕಾಕುವಿನ ಕಡೆ ಹೊರಳಿತು, ಅಲ್ಲೇ ನಿಂತಿತು. ಬಟ್ಟೆ ಇನ್ನೂ ಸ್ವಲ್ಪ ಹೊತ್ತು ಉಬ್ಬಿತು. ಆಮೇಲೆ ಉಬ್ಬಲಿಲ್ಲ.

ಅಳುವ ಮೊದಲು ಕಾಕು ನನ್ನನ್ನು ಕೇಳಿದರು. "ಏನಂದ್ಯವ್ವಾ ಅವರಿಗೆ?"

"ಸಾವಕಾಶ ಹೋಗಿ ಬರ್ರಿ ಅಂದೆ, ಕಾಕು."

ಮಳೆಗಾಲ ಬಂದ ಮೇಲೆ ಒಂದು ದಿನ ಅವರ ಕಟ್ಟೆಯ ಮೇಲೆ ಕೂತಿದ್ದೆ. ಕಾಕು ಉಳಿದಿದ್ದ ಧೋತರದ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದಕ್ಕೊಂದು ಹೊಲಿದು ಒರೆಸುವ ಅರಿವೆ ಮಾಡುತ್ತಿದ್ದರು. ತಲೆ ಎತ್ತದೆಯೇ ಅಂದರು: "ಹೋಗಿ ಬರ್ರಿ ಅಂದಿದ್ದಿ ನೀ. ಬರ್ಲೇ ಇಲ್ಲ ನೋಡು."

ನಾನು ಅಂದದ್ದು ಬರೇ ಹೋಗು ಎಂದು ಆ ಮುದುಕಿಗೆ ಹೇಳಲು ನನ್ನಿಂದ ಕೊನೆಗೂ ಆಗಲಿಲ್ಲ.