ಪಕ್ಕದ ಸೀಟಿನ ಬ್ರೇಕು

ಗೋಡೆಯಾಚೆ ಗೇರು ಕಿರುಗುಟ್ಟಿತು. ಕಬ್ಬಿಣದ ಹಲ್ಲುಗಳು ಒಂದಕ್ಕೊಂದು ಕೂಡಲಾರದೆ ಉಜ್ಜಿಕೊಳ್ಳುವ ಆ ಸದ್ದು ನಮ್ಮ ಮನೆಗೆ ಹೊಸದಲ್ಲ. ಹಿತ್ತಿಲ ಗೋಡೆಯ ಆ ಬದಿಗೇ ಡ್ರೈವಿಂಗ್ ಸ್ಕೂಲಿನ ಮೈದಾನ. ಹೊಸತೇನೆಂದರೆ, ಆ ಸದ್ದು ಬಂದಾಗ ಅತ್ತೆ ಮೈದಾನದಲ್ಲಿರದೆ ನಡುಮನೆಯ ಮಂಚದ ಮೇಲಿದ್ದರು, ಬಲಗಾಲನ್ನು ದಿಂಬುಗಳ ಗುಡ್ಡೆಯ ಮೇಲೇರಿಸಿಕೊಂಡು.

"ಕ್ಲಚ್ ಪೂರ್ತಿ ಒತ್ತೋ ಮಹಾರಾಯ!" ಎಂದು ಕಿಟಕಿಯತ್ತ ಕೂಗಿದರು. "ಗೇರ್‌ಬಾಕ್ಸ್ ಏನು ನಿಮ್ಮಪ್ಪನ ಮನೇದಾ?"

ಆ ಕಡೆ ಎಂಜಿನ್ನಿನ ಗೊರಗೊರ ತಗ್ಗಿತು. ಆಮೇಲೆ ಗೇರು ಸದ್ದಿಲ್ಲದೆ ಕೂತಿತು.

"ಇನ್ನು ನೀನು ಮೈದಾನಕ್ಕೆ ಹೋಗೋದೇ ಬೇಡ ಕಣೇ," ಎಂದರು ಮಾವ, ಪತ್ರಿಕೆಯಿಂದ ತಲೆ ಎತ್ತದೆ. "ಒಂದು ಮೈಕು ಕೊಡಿಸ್ತೀನಿ. ಮಲಗಿದಲ್ಲೇ ಪಾಠ."

"ಮೈಕಿಗೆ ಬ್ರೇಕ್ ಇರುತ್ತೇನ್ರೀ?"

ಮಾವ ಪತ್ರಿಕೆ ಮಡಚಿದರು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿಯಲ್ಲಿರುವಂತೆ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ತಮ್ಮ ಮದುವೆಯಾದ ವರ್ಷದಿಂದ ಅತ್ತೆಯ ಬಲಗಾಲು ಇದ್ದದ್ದು ಆ ಬ್ರೇಕಿನ ಮೇಲೆ. ಒತ್ತದೆ, ಎತ್ತದೆ, ಮಲಗಿದ ಮಗುವಿನ ಬೆನ್ನ ಮೇಲಿಟ್ಟ ಕೈಯಂತೆ. ಊರಿನ ಅಂಚೆಯವರು, ದರ್ಜಿಗಳು, ಹೊಸ ಸೊಸೆಯರು, ನಿವೃತ್ತರಾದ ಮೇಷ್ಟ್ರುಗಳು ಎಲ್ಲರೂ ಆ ಕಾಲನ್ನು ನಂಬಿಯೇ ಸ್ಟೀರಿಂಗ್ ಹಿಡಿದವರು. ಅವರ ಬಾಯಲ್ಲಿ ಅತ್ತೆಗೆ 'ಬ್ರೇಕ್ ಮೇಡಂ' ಎಂದೇ ಹೆಸರು.

ಆ ಕಾಲು ಮುರಿದದ್ದು ರಸ್ತೆಯಲ್ಲಲ್ಲ, ಗುಡ್ಡದಲ್ಲಿ. ರಜೆಯ ದಿನಗಳಲ್ಲಿ ನಮ್ಮ ಬೀದಿಯ ಹೆಂಗಸರು ಗುಂಪು ಕಟ್ಟಿಕೊಂಡು ಊರ ಹೊರಗಿನ ಗುಡ್ಡಗಳನ್ನು ಹತ್ತುತ್ತಿದ್ದರು. ಅಂದು ಹತ್ತಿ, ತುದಿಯಲ್ಲಿ ಗಾಳಿ ಕುಡಿದು, ಇಳಿಯುತ್ತಿದ್ದರು. ಅತ್ತೆಯ ಮುಂದೆ ಮೂಲೆಯಂಗಡಿಯ ಬೇಕರಿಯವಳು, ಅತ್ತೆಯ ಜೀವದ ಗೆಳತಿ. ಪುಡಿಗಲ್ಲಿನ ಇಳಿಜಾರಿನಲ್ಲಿ ಬೇಕರಿಯವಳು ಜಾರಿದಳು. ಹಿಂದಿದ್ದ ಅತ್ತೆ ಬ್ರೇಕ್ ಒತ್ತಿದರು.

ಹೌದು, ಬ್ರೇಕೇ. ಬೇರೆ ಯಾರಾದರೂ ಆಗಿದ್ದರೆ ಕೈ ಚಾಚುತ್ತಿದ್ದರು, ಕಿರುಚುತ್ತಿದ್ದರು, ಗಿಡ ಹಿಡಿಯುತ್ತಿದ್ದರು. ಅತ್ತೆ ಬಲಗಾಲನ್ನು ಇದ್ದಬದ್ದ ಬಲವೆಲ್ಲ ಹಾಕಿ ನೆಲಕ್ಕೆ ಒತ್ತಿದರು. ನೆಲ ಅಲ್ಲಿರಲಿಲ್ಲ. ಎರಡು ಬಂಡೆಗಳ ನಡುವಿನ ಸಂದಿಯಿತ್ತು. ಪಾದ ಸಂದಿಯಲ್ಲಿ ಸಿಕ್ಕಿತು, ಮೈ ಮುಂದಕ್ಕೆ ಹೋಯಿತು, ಮೊಣಕಾಲ ಕೆಳಗಿನ ಎರಡೂ ಮೂಳೆಗಳು ಒಣ ಪುಳ್ಳೆಯ ಹಾಗೆ ಮುರಿದವು. ಬೇಕರಿಯವಳು ಅಷ್ಟರಲ್ಲಿ ಎದ್ದು ಸೀರೆಯ ಧೂಳು ಕೊಡವಿಕೊಳ್ಳುತ್ತಿದ್ದಳು. ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಗುಡ್ಡ ಹತ್ತಲು ಬಂದಿದ್ದ ಇನ್ನೊಂದು ಗುಂಪಿನ ಗಂಡಸರು ಅತ್ತೆಯನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಆ ನೋವಿನಲ್ಲೂ ಅತ್ತೆಯ ಬಾಯಿ ನಿಲ್ಲಲಿಲ್ಲವಂತೆ. "ಮುಂದೆ ಕಲ್ಲಿದೆ, ಸ್ವಲ್ಪ ಎಡಕ್ಕೆ. ತಿರುವಿನಲ್ಲಿ ನಿಧಾನ."

"ಗೊತ್ತು ಮೇಡಂ," ಎಂದನಂತೆ ಹೊತ್ತವರಲ್ಲಿ ಒಬ್ಬ, ಏದುಸಿರು ಬಿಡುತ್ತಾ. "ನಾನು ನಿಮ್ಮ ಹತ್ರಾನೇ ಕಲ್ತಿದ್ದು."

"ಅದಕ್ಕೇ ಹೇಳ್ತಿರೋದು."

ಮೂಳೆಯೊಳಗೆ ರಾಡು ಕೂರಿಸಿದರು. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತದೆ, ಓಡಾಡುತ್ತೀರಿ ಎಂದು ಡಾಕ್ಟರು ಧೈರ್ಯ ಹೇಳಿದಾಗ ಅತ್ತೆ, "ಓಡಾಡೋದು ಹಾಗಿರ್ಲಿ ಡಾಕ್ಟ್ರೇ, ಬ್ರೇಕ್ ಯಾವಾಗ ಒತ್ತಬಹುದು?" ಎಂದರು. ಮೂಳೆಯ ಕೆಲಸ ಮುಗಿದ ಮೇಲೆ ತಾವೇ ಹೇಳುವುದಾಗಿಯೂ, ಆಮೇಲೆ ಅದು ಅತ್ತೆಗೂ ಅವರ ಕಾಲಿಗೂ ಬಿಟ್ಟ ವಿಚಾರವೆಂದೂ ಹೇಳಿ ಡಾಕ್ಟರು ನಕ್ಕರು.

ಡ್ರೈವಿಂಗ್ ಸ್ಕೂಲಿನ ಯಜಮಾನರು ಹಣ್ಣಿನ ಚೀಲ ಹಿಡಿದು ಬಂದರು. ಒಳ್ಳೆಯ ಮನುಷ್ಯ. ಅತ್ತೆಯ ಜಾಗಕ್ಕೆ ಒಬ್ಬ ಉದ್ದನೆಯ ಆಸಾಮಿಯನ್ನು ಸದ್ಯಕ್ಕೆ ತೆಗೆದುಕೊಂಡಿರುವುದಾಗಿ ನೆಲ ನೋಡುತ್ತಾ ಹೇಳಿದರು.

"ನೀವು ಆಫೀಸಿನಲ್ಲಿ ಕೂತ್ಕೊಳ್ಳಿ ಮೇಡಂ. ರಸ್ತೆ ಚಿಹ್ನೆ, ನಿಯಮ, ಅದೆಲ್ಲ ನೀವೇ ಹೇಳ್ಕೊಡಿ. ಫ್ಯಾನ್ ಕೆಳಗೆ ಆರಾಮಾಗಿ."

"ಫ್ಯಾನ್ ನಮ್ಮನೇಲೂ ಇದೆ, ಯಜಮಾನ್ರೇ. ನನಗೆ ನನ್ನ ಸೀಟು ಬೇಕು."

"ಬೇಡ ಅಂತೀನಾ? ಆದ್ರೆ ನಾಳೆ ಯಾರೋ ಗಾಬರಿಯಾಗಿ ಆಕ್ಸಿಲರೇಟರ್ ತುಳೀತಾರೆ. ಆಗ ನಿಮ್ಮ ಕಾಲು ಒಂದು ಕ್ಷಣ ಹಿಂದೆಮುಂದೆ ನೋಡಿದ್ರೆ?"

ಆ ಮಾತು ಸರಿಯಿತ್ತು. ಅವರು ಹೋದ ಮೇಲೆ ಅತ್ತೆ ಬಹಳ ಹೊತ್ತು ತಮ್ಮ ಪಾದವನ್ನೇ ನೋಡುತ್ತಾ ಕೂತರು, ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ನೋಡುವ ಹಾಗೆ.

ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ, ಮೃದು ಮಾತಿನ ಕಟ್ಟುನಿಟ್ಟಿನ ಹುಡುಗಿ. ಕೆಲವು ವಾರ ಪಾದವನ್ನು ಅಲ್ಲಾಡಿಸುವುದೇ ಕೆಲಸವಾಯಿತು. ಆಮೇಲೆ ಊರುಗೋಲು ಬಂತು, ಊರುಗೋಲಿನ ಹಿಂದೆ ಕೈಗೋಲು. ಕಾಲಿನ ಮೇಲೆ ಭಾರ ಬಿಡಬಹುದೆಂದು ಡಾಕ್ಟರು ಹೇಳಿದ ಮೇಲೆ ಮೈತೂಕ ನೋಡುವ ಯಂತ್ರವನ್ನು ಅವಳು ಅತ್ತೆಯ ಕಾಲಡಿಗೆ ತಂದಿಟ್ಟಳು.

"ಒತ್ತಿ ಆಂಟಿ."

ಮುಳ್ಳು ನಿಧಾನವಾಗಿ ಮೇಲೇರಿತು. ಬಲವೇನೋ ಇತ್ತು.

"ಈಗ ಒಮ್ಮೆಲೇ ಒತ್ತಿ. ಧಡ್ ಅಂತ."

ಮುಳ್ಳು ನಡುಗಿ ಅಲ್ಲೇ ನಿಂತಿತು. ನೋವಿನಿಂದಲ್ಲ. ಗುಡ್ಡದ ಮೇಲೆ ಕೇಳಿದ ಆ ಮುರಿದ ಸದ್ದು ಕಾಲಿನೊಳಗೇ ಉಳಿದುಬಿಟ್ಟಿತ್ತು. ಒಮ್ಮೆಲೇ ಒತ್ತಬೇಕೆಂದರೆ ಕಾಲು ಮೊದಲು ಅದನ್ನು ಕೇಳಿಸಿಕೊಂಡು, ಆಮೇಲೆ ಅತ್ತೆಯ ಮಾತು ಕೇಳುತ್ತಿತ್ತು.

"ಯೋಚನೆ ಮಾಡಿ ಒತ್ತುತ್ತಿದ್ದೀಯ ನೀನು," ಎಂದರು ಮಾವ.

"ಯೋಚನೆ ಮಾಡ್ದೆ ಒತ್ತೋದನ್ನ ನೀವು ಹೇಳ್ಕೊಡ್ತೀರಾ?"

"ಯೋಚನೆ ಮಾಡ್ದೆ ಮಾಡೋ ಕೆಲಸದಲ್ಲಿ ನನ್ನನ್ನ ಮೀರಿಸೋರು ಯಾರು?"

ಮರುದಿನದಿಂದ ನಡುಮನೆಯಲ್ಲಿ ಎರಡು ಕುರ್ಚಿಗಳು ಅಕ್ಕಪಕ್ಕ ಬಂದವು. ಒಂದರಲ್ಲಿ ಮಾವ, ಕೈಯಲ್ಲಿ ಸ್ಟೀಲಿನ ತಟ್ಟೆಯೇ ಸ್ಟೀರಿಂಗು. ಪಕ್ಕದಲ್ಲಿ ಅತ್ತೆ, ಕಾಲಡಿಯಲ್ಲಿ ತೂಕದ ಯಂತ್ರ. ಮಾವ ಊರ ಸುದ್ದಿಯನ್ನೆಲ್ಲ ಹೇಳುತ್ತಾ ತಟ್ಟೆ ತಿರುಗಿಸುವುದು, ನಡುವೆ ಇದ್ದಕ್ಕಿದ್ದಂತೆ "ನಾಯಿ!" ಎಂದು ಕೂಗುವುದು. ಅತ್ತೆ ಒತ್ತಬೇಕು. ಹಿಂದೆ ನಿಂತು ಮುಳ್ಳು ನೋಡುವ ಕೆಲಸ ಸೊಸೆಯಾದ ನನ್ನದು.

"ಸತ್ತಿತು," ಎನ್ನುತ್ತಿದ್ದೆ ನಾನು.

"ಪಾಪ, ಎಂಥ ಒಳ್ಳೇ ನಾಯಿ," ಎಂದು ಮಾವ ನಿಟ್ಟುಸಿರಿಡುತ್ತಿದ್ದರು. "ಬಾಲ ಅಲ್ಲಾಡಿಸಿಕೊಂಡು ಹೋಗ್ತಿತ್ತು."

ಬೇಕರಿಯವಳು ಸಂಜೆ ಬನ್ನಿನ ಪೊಟ್ಟಣ ಹಿಡಿದು ಬಂದು ಬಾಗಿಲಲ್ಲೇ ವಿಚಾರಿಸುತ್ತಿದ್ದಳು: "ಅಕ್ಕಾ, ಇವತ್ತು ಯಾರ್ಯಾರು ಹೋದ್ರು?" ನಾಯಿಗಳು ಹೋದವು, ಹಸುಗಳು ಹೋದವು, ಸೈಕಲ್ಲಿನವರು ಹೋದರು. ಒಂದು ದಿನ ಮಾವ ತಮ್ಮ ಆಫೀಸಿನ ಹೆಡ್ ಕ್ಲರ್ಕನ್ನು ರಸ್ತೆಗೆ ಇಳಿಸಿದರು. ಆತನನ್ನು ಉಳಿಸಲು ಅತ್ತೆ ಅಷ್ಟೇನೂ ಪ್ರಯತ್ನಪಡಲಿಲ್ಲವೆಂದು ನನಗೆ ಈಗಲೂ ಅನುಮಾನ.

ನಿಧಾನವಾಗಿ ನಾಯಿಗಳು ಬದುಕತೊಡಗಿದವು. ಬೇಕರಿಯವಳೂ ಕೂತಿದ್ದ ಒಂದು ಸಂಜೆ ಮುಳ್ಳು ಹಾರಿದ್ದೇ ಮೊದಲು, ಮಾವ ಕೂಗಿದ್ದು ಆಮೇಲೆ.

"ಇದು ಮೋಸ!" ಎಂದರು ಮಾವ. "ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ."

"ನಿಮ್ಮ ಭುಜ ಹೇಳ್ತು ಕಣ್ರೀ. ಕೂಗೋ ಮೊದಲು ಬಲಗಡೆ ಭುಜ ಮೇಲೆ ಹೋಗುತ್ತೆ."

ಹಾಗೆಂದವರೇ ಅತ್ತೆ ಯಂತ್ರದ ಮೇಲಿಂದ ಕಾಲು ತೆಗೆದರು. ಕುರ್ಚಿಯ ಕೈಯನ್ನು ಬೆರಳಿನಿಂದ ಸವರುತ್ತಾ ಮೆಲ್ಲಗೆ ಹೇಳಿದರು: "ನಾನು ಯಾವತ್ತೂ ನಾಯಿ ನೋಡಿ ಬ್ರೇಕ್ ಒತ್ತಿದವಳೇ ಅಲ್ಲ. ಸ್ಟೀರಿಂಗ್ ಹಿಡಿದೋರ ಭುಜ ನೋಡಿ ಒತ್ತಿದವಳು. ಗುಡ್ಡದಲ್ಲೂ ಅಷ್ಟೇ. ಇವಳು ಜಾರೋ ಮೊದಲೇ ಇವಳ ಭುಜ ನೋಡಿದ್ದೆ."

ಬೇಕರಿಯವಳ ಕೈಯ ಬನ್ನು ಅರ್ಧದಲ್ಲೇ ನಿಂತಿತು. "ಹಾಗಾದ್ರೆ ನನ್ನ ಭುಜದಿಂದ ನಿನ್ನ ಕಾಲು ಹೋಯ್ತಾ ಅಕ್ಕಾ?"

"ಹೋಗಿಲ್ಲ ಕಣೇ. ಇಲ್ಲೇ ಇದೆ. ಇವತ್ತು ತಾನೇ ಸಿಕ್ತು."

ಅಂದಿನಿಂದ ಅತ್ತೆ ಕಾಲಿಗೆ ಅಪ್ಪಣೆ ಕೊಡುವುದನ್ನು ಬಿಟ್ಟರು. ಕಣ್ಣನ್ನು ಮಾವನ ಭುಜದ ಮೇಲಿಟ್ಟು, ಕಾಲನ್ನು ಅದರ ಪಾಡಿಗೆ ಬಿಟ್ಟರು. ಮಾವ ಭುಜಕ್ಕೆ ಶಾಲು ಹೊದ್ದು ಬಂದರು. ಅತ್ತೆ ಬೆರಳ ಗೆಣ್ಣು ನೋಡಿದರು. ಮಾವ ತಟ್ಟೆಯ ಕೆಳಗೆ ಕೈ ಅಡಗಿಸಿದರು. ಅತ್ತೆ ಉಸಿರು ಕೇಳಿಸಿಕೊಂಡರು. ಮುಳ್ಳು ಧಡ್ಡನೆ ಹಾರುವುದನ್ನು ನೋಡಿ ಫಿಸಿಯೋ ಹುಡುಗಿ, "ನನ್ನ ಪುಸ್ತಕದಲ್ಲಿ ಈ ವ್ಯಾಯಾಮ ಇಲ್ವಲ್ಲ ಆಂಟಿ," ಎಂದು ನಕ್ಕಳು. ಡಾಕ್ಟರು ಎಕ್ಸ್-ರೇ ತೆಗೆಸಿ ನೋಡಿ, ಮೂಳೆ ತನ್ನ ಕೆಲಸ ಮುಗಿಸಿದೆ, ಇನ್ನು ನಿಮ್ಮದು ಎಂದರು.

ಅತ್ತೆ ನೇರವಾಗಿ ಯಜಮಾನರಿಗೆ ಫೋನು ಮಾಡಿದರು. "ನನಗೊಂದು ಪರೀಕ್ಷೆ ಮಾಡಿ. ಕಾರು ನೀವೇ ಓಡಿಸಿ. ಎಲ್ಲಿ, ಯಾವಾಗ ಗುದ್ದೋಕೆ ಹೋಗ್ತೀರಿ ಅಂತ ನನಗೆ ಹೇಳ್ಬೇಡಿ. ನಾನು ನಿಲ್ಲಿಸದಿದ್ರೆ ನಾಳೆಯಿಂದ ಫ್ಯಾನ್ ಕೆಳಗೆ ಕೂತ್ಕೋತೀನಿ."

ಬೆಳಗಿನ ಹೊತ್ತು, ಮೈದಾನದಲ್ಲಿ ಬೇರೆ ಕಾರುಗಳಿಲ್ಲದಾಗ, ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ ಎರಡು ಮೂರು ಕಡೆ ನಿಲ್ಲಿಸಿದ್ದರು. ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಮುಖ ಓದುವ ಸುದ್ದಿ ಅವರ ಕಿವಿಗೆ ಹೇಗೋ ಬಿದ್ದಿತ್ತು. ಬೇಕರಿಯವಳು ತನಗೇನೂ ಗೊತ್ತಿಲ್ಲವೆಂಬಂತೆ ಆಕಾಶ ನೋಡಿದಳು. ಅತ್ತೆ ಕೈಗೋಲನ್ನು ಮಾವನ ಕೈಗೆ ಕೊಟ್ಟು ಸೀಟಿನಲ್ಲಿ ಕೂತರು. ಕಾರು ಮೈದಾನವನ್ನು ಸುತ್ತಿತು, ತಿರುಗಿತು, ಇದ್ದಕ್ಕಿದ್ದಂತೆ ಟೈರುಗಳತ್ತ ನುಗ್ಗಿತು.

ನಿಂತಿತು. ಆದರೆ ಟೈರುಗಳ ಗೋಪುರ ಮೆಲ್ಲಗೆ ವಾಲಿ, ಮೇಲಿನ ಟೈರು ಬಾನೆಟ್ಟಿನ ಮೇಲೆ ಕೂತಿತು.

ಮಾವ ಕೈಗೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಯಜಮಾನರು ಇಳಿದು ಬಂದು ಟೈರನ್ನು ತೆಗೆದಿಟ್ಟರು. "ಪರವಾಗಿಲ್ಲ ಮೇಡಂ. ಇಷ್ಟಾಗಿದ್ದೇ ದೊಡ್ಡದು. ಆಫೀಸಿನಲ್ಲಿ..."

ಅತ್ತೆ ಅವರ ಮಾತು ಕೇಳುತ್ತಿರಲಿಲ್ಲ. ತಲೆ ಬಗ್ಗಿಸಿ ಕಾಲಡಿ ನೋಡುತ್ತಿದ್ದರು. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದರು.

"ಆ ಉದ್ದನೆ ಆಸಾಮಿ ಸೀಟು ಹಿಂದಕ್ಕೆ ತಳ್ಳಿದ್ದಾನೆ. ನನ್ನ ಕಾಲು ಬ್ರೇಕ್ ಹುಡುಕ್ತಾ ಊರೆಲ್ಲ ಸುತ್ತಿ ಬಂತು." ಸೀಟಿನ ಕೆಳಗೆ ಕೈ ಹಾಕಿ ಹಿಡಿ ಎಳೆದು, ಕಟಕಟನೆ ಮುಂದಕ್ಕೆ ಸರಿಸಿಕೊಂಡರು. "ಮೊದಲನೇ ದಿನ ಎಲ್ಲರಿಗೂ ಹೇಳ್ತೀನಿ, ಕೂತ ತಕ್ಷಣ ಸೀಟು ಸರಿಮಾಡ್ಕೊಳ್ಳಿ ಅಂತ. ನನಗೆ ಹೇಳೋರು ಯಾರೂ ಇರ್ಲಿಲ್ಲ ನೋಡಿ. ಹತ್ತಿ ಯಜಮಾನ್ರೇ, ಇನ್ನೊಂದ್ಸಲ."

ಎರಡನೇ ಸಲ ಯಜಮಾನರು ಮೊದಲ ಟೈರುಗಳನ್ನು ದಾಟಿದರು, ಎರಡನೆಯದನ್ನೂ ದಾಟಿದರು. ಇನ್ನು ನಿಲ್ಲಿಸಿಯೇಬಿಡುತ್ತಾರೆ ಎನ್ನುವಂತೆ ವೇಗ ಇಳಿಸಿ, ಒಮ್ಮೆಲೇ ನಮ್ಮ ಹಿತ್ತಿಲ ಗೋಡೆಯತ್ತಲೇ ಕಾರನ್ನು ತಿರುಗಿಸಿದರು. ಅವರ ಕನ್ನಡಕ ಹಾರಿ ಮುಂದಿನ ಗಾಜಿಗೆ ಬಡಿಯಿತು. ಕಾರು ಮೂಗು ಕುಕ್ಕಿ ನಿಂತಿತ್ತು, ಗೋಡೆಗೂ ಅದಕ್ಕೂ ನಡುವೆ ಒಂದು ಹಸು ಆರಾಮಾಗಿ ನಡೆದುಹೋಗುವಷ್ಟು ಜಾಗವಿತ್ತು.

"ಹೇಗೆ ಗೊತ್ತಾಯ್ತು?" ಎಂದರು ಯಜಮಾನರು, ಕನ್ನಡಕ ಹುಡುಕುತ್ತಾ.

"ಕಣ್ಣಿಗೆ ಕನ್ನಡಕ ಹಾಕಿದ್ರಿ. ಮೊಣಕಾಲಿಗೆ ಹಾಕಿರ್ಲಿಲ್ಲ."

ಈಗ ಅತ್ತೆ ಬೆಳಗಿನ ಹೊತ್ತು ಮಾತ್ರ ಕಲಿಸುತ್ತಾರೆ, ಮಧ್ಯಾಹ್ನದ ಮೇಲೆ ಉದ್ದನೆಯ ಆಸಾಮಿ. ನಡಿಗೆಯಲ್ಲಿ ಸಣ್ಣದೊಂದು ಎಳೆತ ಉಳಿದಿದೆ. ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಯೂ ಅದನ್ನು ಬಾಡಿಗೆದಾರನಂತೆ ಒಪ್ಪಿಕೊಂಡಿದ್ದಾರೆ. ನಿನ್ನೆ ಬೆಳಿಗ್ಗೆ ಮೈದಾನದ ಗೇಟಿನವರೆಗೆ ಜೊತೆಯಲ್ಲಿ ಹೋದ ನಾನು, ಬೇಕರಿಯವಳು ಮತ್ತೆ ಗುಡ್ಡದ ಮಾತೆತ್ತಿದ್ದಾಳೆ, ನೀವು ಹೋಗುತ್ತೀರಾ ಎಂದು ಕೇಳಿದೆ.

"ಹೋಗೇ ಹೋಗ್ತೀನಿ," ಎಂದರು ಅತ್ತೆ. "ಆದ್ರೆ ಈ ಸಲ ಎಲ್ಲರಿಗಿಂತ ಮುಂದೆ. ಹಿಂದಿದ್ರೆ ತಾನೇ ಇನ್ನೊಬ್ಬರ ಭುಜ ಕಾಣೋದು? ಮುಂದೆ ನಾನೊಬ್ಬಳೇ ಇದ್ರೆ, ನನ್ನ ಕಾಲೂ ನಾನೂ ಮಾತಾಡ್ಕೊಂಡು..."

ಮೈದಾನದಲ್ಲಿ ಹೊಸದಾಗಿ ಸೇರಿದ ಹೆಂಗಸೊಬ್ಬಳು ಕಾರಿನ ಬಾಗಿಲು ತೆಗೆದು, ತಿಳಿಯದೆ ಕಲಿಸುವವರ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಳ್ಳುತ್ತಿದ್ದಳು.

"ಅಯ್ಯೋ, ಅಲ್ಲಲ್ಲ ಕಣಮ್ಮಾ, ಅದು ನನ್ನ ಸೀಟು," ಎನ್ನುತ್ತಾ ಅತ್ತೆ ನಡೆದೇಬಿಟ್ಟರು, "ನೀನು ಈ ಕಡೆ ಬಾ, ಕೂತ ತಕ್ಷಣ ಮೊದಲು ಏನು ಮಾಡಬೇಕು ಅಂದ್ರೆ..."